ತಲೆದಿಂಬಿಗೊಂದು ತೂತು

ಅಮೆರಿಕದ ವಿಶ್ವವಿದ್ಯಾಲಯಗಳ ಹಾಸ್ಟೆಲು ಕೋಣೆಗಳಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಮಂಚ ಸರಿಸಿದರೆ ಮಾತ್ರ ಕಣ್ಣಿಗೆ ಬೀಳುವ ಜಾಗದಲ್ಲಿ, ಗೋಡೆಗೆ ಎರಡು ಚೌಕ ತೂತುಗಳನ್ನು ಕೊರೆದಿರುತ್ತಿದ್ದರು. ಸಣ್ಣದು ಫೋನಿಗೆ, ಅದಕ್ಕಿಂತ ಒಂದೆಳೆ ಅಗಲವಾದದ್ದು ನೆಟ್‌ವರ್ಕಿಗೆ. ಫೋನಿನ ವೈರು ನೆಟ್‌ವರ್ಕಿನ ತೂತಿನೊಳಗೆ ಸಲೀಸಾಗಿ ಹೊಕ್ಕು ಕೂರುತ್ತದೆ, ನೆಟ್‌ವರ್ಕಿನ ವೈರು ಮಾತ್ರ ಏನು ಮಾಡಿದರೂ ಫೋನಿನ ತೂತಿಗೆ ಇಳಿಯುವುದಿಲ್ಲ. ಇದಕ್ಕೆ ಕಾರಣವಿದೆ, ಆಮೇಲೆ ಹೇಳುತ್ತೇನೆ, ಮರೆತರೆ ನೆನಪಿಸಿ. 1980ರ ದಶಕದಿಂದೀಚೆಗೆ ಅಲ್ಲಿನ ಕಾಲೇಜುಗಳು ಹಾಸ್ಟೆಲುಗಳಿಗೆ ತಂತಿ ಎಳೆಸುವುದರಲ್ಲಿ ಒಂದರ ಮೇಲೊಂದು ಪಂಥ ಕಟ್ಟಿಕೊಂಡಿದ್ದವು. ‘ತಲೆದಿಂಬಿಗೊಂದು ಪೋರ್ಟ್’ ಎಂಬುದು ಅವರ ಘೋಷಣೆ. ಅಂದರೆ ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೋ ಅಷ್ಟು ತೂತು. ಇದನ್ನು ಮೊದಲು ಕೇಳಿದಾಗ ನನ್ನ ಮನಸ್ಸು ಪೋರ್ಟಿನ ಕಡೆ ಹೋಗಲೇ ಇಲ್ಲ, ದಿಂಬಿನ ಕಡೆ ಹೋಯಿತು. ಸಾಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ದಿಂಬುಗಳ ಲೆಕ್ಕ ತಲೆಗಳ ಲೆಕ್ಕಕ್ಕೆ ಎಂದೂ ತಾಳೆಯಾದದ್ದಿಲ್ಲ. ಚೌತಿಗೆ ನೆಂಟರು ಬಂದರೆ ಮಕ್ಕಳ ತಲೆಯಡಿಗೆ ಮಡಿಸಿದ ಜಮಖಾನೆ, ಅದೂ ಮುಗಿದರೆ ಪಕ್ಕದವನ ಹೊಟ್ಟೆ. ಅಂಥ ಮನೆಯಿಂದ ಹೋದವನಿಗೆ ಒಂದು ದಿಂಬು, ಆ ದಿಂಬಿಗೊಂದು ತೂತು, ಎರಡೂ ಸ್ವಂತಕ್ಕೆ ಸಿಕ್ಕಿದ್ದು ಸಾಮಾನ್ಯ ಐಶ್ವರ್ಯವಲ್ಲ. ತೂತಿನಿಂದ ಏನಾದರೂ ಬರುತ್ತದೆಯೇ ಎಂಬುದು ಎರಡನೆಯ ಪ್ರಶ್ನೆ.

ನಾನು ಹೋಗಿಳಿದದ್ದು ಓಹಾಯೋ ರಾಜ್ಯದಲ್ಲಿ, ಕ್ಲೀವ್‌ಲ್ಯಾಂಡಿನ ಆಸುಪಾಸಿನ ಒಂದು ವಿಶ್ವವಿದ್ಯಾಲಯಕ್ಕೆ. ಹೆಸರು ಹೇಳುವುದಿಲ್ಲ, ಅವರ ಅನ್ನ ಉಂಡಿದ್ದೇನೆ. ಆ ಅನ್ನ ಅರ್ಧ ಅಕ್ಕಿಯಾಗಿಯೇ ಇರುತ್ತಿತ್ತು ಎಂಬುದು ಬೇರೆ ಮಾತು. ಕಾಲ 2003ರ ಆಗಸ್ಟ್. ಸೂಟ್‌ಕೇಸಿನಿಂದ ಚಟ್ನಿಪುಡಿಯ ಪೊಟ್ಟಣಗಳನ್ನು ತೆಗೆದಿಟ್ಟು, ಇನ್ನು ವಿದ್ಯಾರ್ಜನೆಗೆ ಆರಂಭ ಮಾಡೋಣ ಎನ್ನುವಷ್ಟರಲ್ಲಿ, 14ನೇ ತಾರೀಕು ಸಂಜೆ ನಾಲ್ಕು ದಾಟಿದ ಹೊತ್ತಿಗೆ ಕರೆಂಟು ಹೋಯಿತು. ಹೋದದ್ದು ನಮ್ಮ ಹಾಸ್ಟೆಲಿನದು ಮಾತ್ರವಲ್ಲ. ಅಮೆರಿಕದ ಈಶಾನ್ಯ ಭಾಗ, ಕೆನಡಾದ ಒಂಟಾರಿಯೊ ಎಲ್ಲ ಸೇರಿ ಸುಮಾರು 5 ಕೋಟಿ ಜನರದು. ಕ್ಲೀವ್‌ಲ್ಯಾಂಡಿನಲ್ಲಿ ನೀರೆತ್ತುವ ಪಂಪುಗಳೂ ನಿಂತು ನಲ್ಲಿಗಳು ಒಣಗಿದವು. ಹುಡುಗರೆಲ್ಲ ಕಾರಿಡಾರಿಗೆ ಬಂದು ಪ್ರಳಯವನ್ನು ನಿರೀಕ್ಷಿಸುತ್ತ ನಿಂತಿದ್ದರು. ನ್ಯೂಯಾರ್ಕಿನ ಗೋಪುರಗಳು ಉರುಳಿ ಇನ್ನೂ ಎರಡು ವರ್ಷ ತುಂಬದ ಕಾಲ, ಅವರದು ತಪ್ಪೆನ್ನುವಂತಿಲ್ಲ. ಆ ಗುಂಪಿನಲ್ಲಿ ಸ್ಥಿತಪ್ರಜ್ಞ ಎಂದು ಕರೆಸಿಕೊಳ್ಳಬಹುದಾದ ಏಕೈಕ ವ್ಯಕ್ತಿ ನಾನೇ ಆಗಿದ್ದೆ. ಕರೆಂಟು ಹೋದ ಕೂಡಲೇ ನನ್ನ ಕಾಲುಗಳು ತಾವಾಗಿಯೇ ಬಚ್ಚಲಿಗೆ ಹೋಗಿದ್ದವು, ಕೈಗಳು ತಾವಾಗಿಯೇ ಕಸದ ಬುಟ್ಟಿಯೂ ಸೇರಿದಂತೆ ಸಿಕ್ಕಿದ ಪಾತ್ರೆಗಳಿಗೆಲ್ಲ ನೀರು ತುಂಬಿಸಿದ್ದವು. ಇಪ್ಪತ್ತನಾಲ್ಕು ವರ್ಷ ಕರ್ನಾಟಕದಲ್ಲಿ ಪಡೆದ ತರಬೇತಿ ವ್ಯರ್ಥವಾಗುತ್ತದೆಯೇ!

ಮುಂದೆ ತನಿಖೆ ನಡೆದು ದಪ್ಪನೆಯ ವರದಿ ಬಂತು. ಕ್ಲೀವ್‌ಲ್ಯಾಂಡಿನ ಸುತ್ತ ಸವರದೆ ಬಿಟ್ಟ ಮರಗಳಿಗೆ ಹೈ ಟೆನ್ಷನ್ ತಂತಿಗಳು ಜೋತು ತಗುಲಿದ್ದು, ಕಂಟ್ರೋಲ್ ರೂಮಿನಲ್ಲಿ ಎಚ್ಚರಿಕೆ ಕೊಡಬೇಕಾದ ಸಾಫ್ಟ್‌ವೇರು ಅದಕ್ಕೂ ಮೊದಲೇ ನಿದ್ದೆ ಹೋಗಿದ್ದು, ಹೀಗೆ ಒಂದಕ್ಕೊಂದು ಸೇರಿ ಅಷ್ಟು ದೊಡ್ಡ ಅನಾಹುತ. ಓದಿ ನನಗೆ ನಮ್ಮೂರಿನ ಲೈನ್‌ಮನ್ನನ ನೆನಪಾಯಿತು. ಮಳೆಗಾಲ ಹತ್ತಿದರೆ ಅವನು ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು, ತಲೆ ಮೇಲೆ ಕಂಬಳಿಕೊಪ್ಪೆ ಹಾಕಿಕೊಂಡು ಬರುತ್ತಿದ್ದ. ಬಂದವನು ಕಂಬದ ಹತ್ತಿರ ಹೋಗದೆ ನೇರ ನಮ್ಮ ಜಗಲಿಗೆ ಬಂದು, ಕಷಾಯ ಕುಡಿದು, ‘ಯಾವ ಮರ?’ ಎಂದು ಒಂದೇ ಪ್ರಶ್ನೆ ಕೇಳುತ್ತಿದ್ದ. ಮರ ಯಾವುದು ಎಂದು ಹೇಳಿದರೆ ರೋಗನಿದಾನ ಮುಗಿಯಿತು. ವೈರಿನ ಸಿಪ್ಪೆಯನ್ನು ಹಲ್ಲಿನಿಂದ ಸುಲಿಯುತ್ತಿದ್ದ, ಸುಲಿದು ತಿರುಚಿ, ತಿರುಚಿದ್ದನ್ನು ಒಮ್ಮೆ ನಾಲಗೆಗೆ ಮುಟ್ಟಿಸಿ ನೋಡಿ, ‘ಬಂತು’ ಎನ್ನುತ್ತಿದ್ದ. ಅದು ಟೆಲಿಫೋನಿನ ವೈರೋ ಕರೆಂಟಿನ ವೈರೋ ಎಂಬ ಭೇದಭಾವ ಅವನಲ್ಲಿದ್ದ ಹಾಗೆ ಕಾಣೆ. ಓಹಾಯೋದಲ್ಲಿ ಅಂಥವನೊಬ್ಬನಿದ್ದಿದ್ದರೆ 5 ಕೋಟಿ ಜನ ಕತ್ತಲಲ್ಲಿ ಕೂರುತ್ತಿರಲಿಲ್ಲ ಎಂದು ಇವತ್ತಿಗೂ ನನ್ನ ಅಭಿಪ್ರಾಯ.

ಎಲ್ಲಿದ್ದೆ? ಹಾಂ, ಕರೆಂಟು ಮರುದಿನ ಬಂತು, ನೆಟ್‌ವರ್ಕು ಬರಲಿಲ್ಲ. ಅದಕ್ಕೆ ಕಾರಣ ಮರವಲ್ಲ, ಹುಳು.

‘ಬ್ಲಾಸ್ಟರ್’ ಎಂಬ ಆ ಹುಳು ಅದೇ ಆಗಸ್ಟ್ 11ರಂದು ಲೋಕಸಂಚಾರಕ್ಕೆ ಹೊರಟಿತ್ತು. ಅದಕ್ಕಿಂತ ಹಿಂದಿನ ಹಲವು ಹುಳುಗಳು ಎಷ್ಟೋ ಮರ್ಯಾದಸ್ಥರು, ಇಮೇಲಿನಲ್ಲಿ ಬಂದು ‘ನನ್ನನ್ನು ತೆರೆ’ ಎಂದು ಕೇಳಿಕೊಳ್ಳುತ್ತಿದ್ದವು. ನಾವು ತೆರೆದರೆ ಮಾತ್ರ ಒಳಗೆ. ಇದು ಹಾಗಲ್ಲ. ವಿಂಡೋಸ್ ಎಕ್ಸ್‌ಪಿ ಇರುವ ಕಂಪ್ಯೂಟರನ್ನು ನೆಟ್‌ವರ್ಕಿಗೆ ಸಿಕ್ಕಿಸಿ ಸುಮ್ಮನೆ ಕೂತರೂ ಸಾಕು, ತಾನಾಗಿ ಹುಡುಕಿಕೊಂಡು ಬಂದು ಹೊಗುತ್ತಿತ್ತು. ಹೊಕ್ಕ ಮೇಲೆ ಪರದೆಯ ಮೇಲೆ ಒಂದು ಚೀಟಿ: ಇನ್ನು 60 ಸೆಕೆಂಡಿಗೆ ಈ ಯಂತ್ರ ಮುಚ್ಚಿಕೊಳ್ಳಲಿದೆ, ಕೆಲಸಗಳನ್ನೆಲ್ಲ ಉಳಿಸಿಕೊಳ್ಳಿ. ಮುಚ್ಚುತ್ತದೆ, ತೆರೆಯುತ್ತದೆ, ಮತ್ತೆ 60 ಸೆಕೆಂಡು. ಬಲ್ಲವರು ಆ ಒಂದು ನಿಮಿಷದೊಳಗೆ ಕಪ್ಪು ಕಿಟಕಿ ತೆರೆದು ‘ಶಟ್‌ಡೌನ್ ಮೈನಸ್ ಎ’ ಎಂಬ ಬೀಜಾಕ್ಷರವನ್ನು ಟೈಪಿಸಿ ಸಾವನ್ನು ತಡೆಯುತ್ತಿದ್ದರು. ಮೈಕ್ರೋಸಾಫ್ಟಿನವರು ಔಷಧಿಯನ್ನು ಜುಲೈ 16ರಂದೇ ಬಿಟ್ಟಿದ್ದರು, ಅದನ್ನು ನೆಟ್‌ವರ್ಕಿನಿಂದ ಇಳಿಸಿಕೊಳ್ಳಬೇಕಿತ್ತು, ನೆಟ್‌ವರ್ಕಿಗೆ ಹೋದರೆ ಔಷಧಿ ಇಳಿಯುವ ಮೊದಲೇ ಹುಳು ಹತ್ತುತ್ತಿತ್ತು. ಈ ವಿಷಚಕ್ರವನ್ನು ತರ್ಕಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯ ದೋಷ ಎನ್ನುತ್ತಾರೆ, ನಮ್ಮ ಕಡೆ ‘ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು’ ಎನ್ನುತ್ತಾರೆ.

ಇಷ್ಟಕ್ಕೇ ಮುಗಿಯಲಿಲ್ಲ. ಬ್ಲಾಸ್ಟರಿನ ಹಾವಳಿ ನೋಡಲಾರದೆ ಯಾರೋ ಪುಣ್ಯಾತ್ಮರು ಒಂದು ಪರೋಪಕಾರಿ ಹುಳುವನ್ನು ಸೃಷ್ಟಿಸಿ, ಆಗಸ್ಟ್ 18ರಂದು ಬಿಟ್ಟರು. ‘ವೆಲ್ಚಿಯಾ’ ಎಂದು ಹೆಸರು. ಅದು ಹೇಳದೆ ಕೇಳದೆ ನಿಮ್ಮ ಕಂಪ್ಯೂಟರಿನೊಳಗೆ ನುಗ್ಗಿ, ಅಲ್ಲಿ ಬ್ಲಾಸ್ಟರ್ ಇದ್ದರೆ ಕೊಂದು, ಮೈಕ್ರೋಸಾಫ್ಟಿನಿಂದ ಔಷಧಿಯನ್ನು ತಾನೇ ತರಿಸಿ ಕುಡಿಸಿ, ಮುಂದಿನ ಮನೆಯ ಬಾಗಿಲು ಬಡಿಯಲು ಹೊರಡುತ್ತಿತ್ತು. ಅದು ಬಾಗಿಲು ಬಡಿದ ಸದ್ದಿಗೇ ದೊಡ್ಡ ದೊಡ್ಡ ನೆಟ್‌ವರ್ಕುಗಳು ಮಕಾಡೆ ಮಲಗಿದವು. ಬ್ಲಾಸ್ಟರನ್ನು ಹೇಗೋ ತಾಳಿಕೊಂಡಿದ್ದ ಕಚೇರಿಗಳಿಗೆ ಈ ಸಮಾಜಸೇವೆಯನ್ನು ತಾಳಿಕೊಳ್ಳಲಾಗಲಿಲ್ಲ. ಪರೋಪಕಾರಿಗಳಿಂದ ಹಾಳಾದ ಊರುಗಳ ಪಟ್ಟಿ ಮಾಡುವವರಿಗೆ ಇದೊಂದು ಅಮೂಲ್ಯ ಉದಾಹರಣೆ.

ಬೇಸಿಗೆ ರಜೆ ಮುಗಿಸಿ ಹುಡುಗರು ಮನೆಯಲ್ಲಿ ಹುಳು ಹತ್ತಿಸಿಕೊಂಡ ಕಂಪ್ಯೂಟರುಗಳನ್ನು ಕಾರಿನ ಹಿಂದುಗಡೆ ಹೇರಿಕೊಂಡು ಹಾಸ್ಟೆಲಿಗೆ ಮರಳುವುದು ಸರಿಯಾಗಿ ಅದೇ ವಾರ. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳು ಔಷಧಿಯನ್ನು ಸಿ.ಡಿ.ಗಳಿಗೆ ತುಂಬಿಸಿ ಹಂಚಿದವು. ನಮ್ಮಲ್ಲಿ ತೂತುಗಳನ್ನೆಲ್ಲ ಸಾರಾಸಗಟಾಗಿ ಬಂದ್ ಮಾಡಿ, ಸಿ.ಡಿ. ಹಾಕಿ ಪುಣ್ಯಾಹ ಮಾಡಿಸಿಕೊಂಡವರಿಗೆ ಮಾತ್ರ ಒಂದೊಂದಾಗಿ ತೆರೆಯುವುದೆಂದು ಗೊತ್ತುಮಾಡಿದರು. ನೆಲಮಾಳಿಗೆಯ ಒಂದು ಕಿಟಕಿಯೆದುರು ಸಾಲು ನಿಲ್ಲಬೇಕು. ಕಿಟಕಿಯ ಹಿಂದೆ ಗಂಟೆಗಿಷ್ಟು ಎಂದು ಸಂಬಳ ಪಡೆಯುವ ಒಬ್ಬಳು ವಿದ್ಯಾರ್ಥಿನಿ, ತುಟಿಗೆ ರಿಂಗು, ಸೊಂಟಕ್ಕೆ ಇಕ್ಕಳ. ನಾನು ಟೆಲಿಕಮ್ಯುನಿಕೇಷನ್ ಇಂಜಿನಿಯರು. ನೆಟ್‌ವರ್ಕಿನ ಏಳು ಲೇಯರುಗಳನ್ನು ಕೆಳಗಿನಿಂದ ಮೇಲಕ್ಕೂ ಮೇಲಿನಿಂದ ಕೆಳಕ್ಕೂ ಒಪ್ಪಿಸಿ ಫಸ್ಟ್ ಕ್ಲಾಸು ತಗೊಂಡವನು, ಇಕ್ಕಳವನ್ನು ಮಾತ್ರ ಜೀವಮಾನದಲ್ಲಿ ಹಿಡಿದವನಲ್ಲ. ಆ ಪಠ್ಯಕ್ರಮದಲ್ಲಿ ಇಕ್ಕಳಕ್ಕೆ ಲೇಯರಿರಲಿಲ್ಲ.

ಇಲ್ಲಿ ನನ್ನ ಕಂಪ್ಯೂಟರಿನ ಪೂರ್ವೋತ್ತರ ಹೇಳಬೇಕು. ಅಲ್ಲಿಗೆ ಹೋದ ಭಾರತೀಯರು ಹೊಸ ಕಂಪ್ಯೂಟರು ಕೊಳ್ಳುತ್ತಿರಲಿಲ್ಲ. ಡಿಗ್ರಿ ಮುಗಿಸಿ ಹೊರಡುವ ಸೀನಿಯರು ಮಂಚ, ಕುಕ್ಕರು, ಕಂಪ್ಯೂಟರುಗಳನ್ನು ಬರುವ ಜೂನಿಯರಿಗೆ ಮಾರಿ ಹೋಗುವುದು ಪದ್ಧತಿ. ನನ್ನ ಪಾಲಿಗೆ ಬಂದದ್ದು ಗುಂಟೂರಿನ ಕಡೆಯ ಒಬ್ಬ ಮಹಾನುಭಾವರ ಯಂತ್ರ. ಅವರು ಅದಕ್ಕೆ ‘ಮೆಗಾಸ್ಟಾರ್’ ಎಂದು ನಾಮಕರಣ ಮಾಡಿದ್ದರು, ಆನ್ ಮಾಡಿದರೆ ಪರದೆಯ ತುಂಬ ಸಾಕ್ಷಾತ್ ಚಿರಂಜೀವಿ. ಬದಲಾಯಿಸಲು ನನಗೆ ಧೈರ್ಯ ಬರಲಿಲ್ಲ.

ಪ್ರತಿಯೊಂದು ನೆಟ್‌ವರ್ಕ್ ಕಾರ್ಡಿಗೂ ಕಾರ್ಖಾನೆಯಲ್ಲೇ ಹಣೆಬರಹ ಬರೆದು ಕಳಿಸಿರುತ್ತಾರೆ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿ, ‘ಎ’ಯಿಂದ ‘ಎಫ್’ವರೆಗಿನ ಅಕ್ಷರ, ಇವುಗಳಲ್ಲಿ ಎರಡೆರಡರ ಆರು ಜೋಡಿ, ಮೊದಲ ಮೂರು ಜೋಡಿ ಯಾವ ಕಂಪನಿಯ ಕೂಸು ಎಂಬುದನ್ನು ಹೇಳುವ ಗೋತ್ರ, ಉಳಿದ ಮೂರು ಅದರ ಸ್ವಂತ ನಾಮಧೇಯ. ಮ್ಯಾಕ್ ಅಡ್ರೆಸ್ ಎಂಬುದು ಇದೇ. ಹಾಸ್ಟೆಲಿನ ನೆಟ್‌ವರ್ಕಿಗೆ ಸೇರಬೇಕಾದರೆ ಈ ಗೋತ್ರಪ್ರವರವನ್ನು ಕಿಟಕಿಯಲ್ಲಿ ಒಪ್ಪಿಸಿ ನೋಂದಾಯಿಸಿಕೊಳ್ಳಬೇಕು. ಒಪ್ಪಿಸಿದೆ. ತುಟಿರಿಂಗಿನ ಹುಡುಗಿ ಟೈಪಿಸಿ, ಪರದೆ ನೋಡಿ, ನನ್ನನ್ನು ನೋಡಿ, ‘ಈ ಕಂಪ್ಯೂಟರ್ ನಿಮ್ಮದಲ್ಲ’ ಎಂದಳು. ಅದಿನ್ನೂ ಗುಂಟೂರಿನವರ ಹೆಸರಿನಲ್ಲಿತ್ತು. ಸಾಲದ್ದಕ್ಕೆ, ಮಹಾನುಭಾವರು ವಸಂತ ಋತುವಿನಲ್ಲಿ ಆ ಯಂತ್ರದಿಂದ ಯಾವುದೋ ಸಿನಿಮಾವನ್ನು ಊರಿಗೆಲ್ಲ ಹಂಚಿದ ಆಪಾದನೆಯ ಮೇಲೆ ಅದಕ್ಕೆ ಬಹಿಷ್ಕಾರ ಬಿದ್ದಿತ್ತು. ನಾನು ಕೊಂಡದ್ದು ಯಂತ್ರವೊಂದನ್ನೇ ಅಲ್ಲ, ಅದರ ಪ್ರಾರಬ್ಧಕರ್ಮವನ್ನೂ. ಹಾಗಾದರೆ ಖಾತೆ ಬದಲಾಯಿಸಿಕೊಡಿ ತಾಯಿ ಎಂದೆ. ಆಗಬಹುದು, ಹಳೆಯ ಮಾಲೀಕರು ತಮ್ಮ ವಿಶ್ವವಿದ್ಯಾಲಯದ ಇಮೇಲಿನಿಂದ ಒಪ್ಪಿಗೆ ಕಳಿಸಬೇಕು ಎಂದಳು. ಅವರು ಪಾಸಾಗಿ ಹೋಗಿದ್ದಾರಲ್ಲ? ಹೌದು, ಆದ್ದರಿಂದ ಅವರ ಇಮೇಲು ರದ್ದಾಗಿದೆ.

ಈ ಸಂಭಾಷಣೆಯ ಧಾಟಿ ನನಗೆ ಎಷ್ಟು ಪರಿಚಿತವಾಗಿತ್ತೆಂದರೆ ಓಹಾಯೋದ ಆ ನೆಲಮಾಳಿಗೆ ಒಂದು ಕ್ಷಣ ಸಾಗರದ ತಾಲ್ಲೂಕು ಕಚೇರಿಯಾಗಿಬಿಟ್ಟಿತು. ನಮ್ಮಜ್ಜ ಗೇಣಿದಾರರಾಗಿದ್ದವರು. ಕಾಗೋಡಿನಲ್ಲಿ 1951ರಲ್ಲಿ ಕೊಳಗದ ಅಳತೆಯ ಜಗಳದಿಂದ ಸತ್ಯಾಗ್ರಹ ಹತ್ತಿಕೊಂಡ ತಾಲ್ಲೂಕು ನಮ್ಮದು. 1974ರ ಭೂಸುಧಾರಣೆ ಬಂದ ಮೇಲೆ ಅಜ್ಜ ಏಳನೇ ನಂಬರ್ ಫಾರಂ ತುಂಬಿ, ಡಿಕ್ಲರೇಷನ್ ಕೊಟ್ಟು, ಉಳುತ್ತಿದ್ದ ಗದ್ದೆಗೆ ಒಡೆಯರಾದರು. ಅವರ ತಗಡಿನ ಟ್ರಂಕಿನಲ್ಲಿ ಆ ಕಾಗದಗಳು, ಕಂದಾಯದ ರಸೀತಿಗಳು, ರೇಡಿಯೊ ಲೈಸೆನ್ಸಿನ ಪುಸ್ತಕ, ಯಾರದೋ ಜಾತಕ ಎಲ್ಲ ಒಟ್ಟಿಗೇ ಇರುತ್ತಿದ್ದವು. ಟ್ರಂಕು ತೆರೆದರೆ ನುಸಿಗುಳಿಗೆಯ ವಾಸನೆಗೆ ನಾವು ಮಕ್ಕಳು ಮೂಗು ಮುಚ್ಚಿಕೊಂಡು ಸುತ್ತ ಕೂರುತ್ತಿದ್ದೆವು. ಅಜ್ಜ ತೀರಿಕೊಂಡು ವರ್ಷಗಳಾದರೂ ಪಹಣಿಯಲ್ಲಿ ಅವರೇ ಗದ್ದೆ ಉಳುತ್ತಿದ್ದರು. ಅಪ್ಪ ಖಾತೆ ಬದಲಾಯಿಸಲು ಹೋದರೆ, ಪಹಣಿಯಲ್ಲಿರುವವರು ಬಂದು ಸಹಿ ಹಾಕಲಿ ಎಂದು ಶಾನುಭೋಗರ ವಂಶದ ಒಬ್ಬರು ಹೇಳಿದರಂತೆ. ನಾನು ವಿಮಾನ ಹತ್ತುವ ಹೊತ್ತಿಗೆ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, 15 ರೂಪಾಯಿಗೆ ಒಂದರಂತೆ ಅಚ್ಚುಹಾಕಿ ಕೊಡಲು ಶುರುಮಾಡಿತ್ತು. ಅಪ್ಪ 15 ರೂಪಾಯಿ ಕೊಟ್ಟು, ಅಜ್ಜನ ಹೆಸರನ್ನು ಸೊಗಸಾದ ಕನ್ನಡ ಅಕ್ಷರದಲ್ಲಿ ಅಚ್ಚುಹಾಕಿಸಿಕೊಂಡು ಮನೆಗೆ ತಂದಿದ್ದರು.

ಅಪ್ಪನಿಗೆ ಸಿಗದ ಉಪಾಯ ನನಗೆ ಸಿಕ್ಕಿತು. ಹಿಂದಿನ ಸಾಲಿನವರು ಗೊಣಗುವುದನ್ನು ಕೇಳಿ ಹುಡುಗಿ ಕಿಟಕಿಯಿಂದ ಮುಂದಕ್ಕೆ ಬಾಗಿ, ‘ಹೊಸ ನೆಟ್‌ವರ್ಕ್ ಕಾರ್ಡು ಹಾಕಿಸಿಕೊಳ್ಳಿ, ಹತ್ತು ಡಾಲರು’ ಎಂದು ಪಿಸುಗುಟ್ಟಿದಳು. ಹಣೆಬರಹ ಇರುವುದು ಕಾರ್ಡಿನಲ್ಲಿ. ಕಾರ್ಡು ಬದಲಾದರೆ ಅದೇ ದೇಹ, ಅದೇ ಚಿರಂಜೀವಿ, ಜೀವಾತ್ಮ ಮಾತ್ರ ಬೇರೆ. ಗದ್ದೆಗೆ ಈ ಸೌಲಭ್ಯವಿಲ್ಲ.

ಇನ್ನು ವೈರು. ಗುಂಟೂರಿನವರು ಕೊಟ್ಟ ಕೇಬಲ್ಲಿಗೆ ತುದಿಯ ನಾಲಗೆ ಮುರಿದಿತ್ತು. ನೆಟ್‌ವರ್ಕಿನ ಕೇಬಲ್ಲು ಕಂಡವರಿಗೆಲ್ಲ ಈ ದುಃಖ ಗೊತ್ತು: ಆ ಪಾರದರ್ಶಕ ಪ್ಲಾಸ್ಟಿಕ್ ತಲೆಗೆ ಒಂದು ಪುಟ್ಟ ನಾಲಗೆಯಿರುತ್ತದೆ, ತೂತಿನೊಳಗೆ ಕೂತಾಗ ‘ಟಿಕ್’ ಎನ್ನುವುದು ಅದೇ, ಹಿಡಿದುಕೊಳ್ಳುವುದೂ ಅದೇ, ಜಗತ್ತಿನ ಕೇಬಲ್ಲುಗಳಲ್ಲೆಲ್ಲ ಮೊದಲು ಮುರಿಯುವುದೂ ಅದೇ. ಮುರಿದ ಮೇಲೆ ವೈರು ತೂತಿನಲ್ಲಿ ಇರುತ್ತದೆ, ಇದ್ದ ಹಾಗಿರುತ್ತದೆ, ಪಕ್ಕದ ಮಂಚದವನು ಮಗ್ಗುಲಾದರೆ ಸಾಕು, ಪುಟ್ಟ ಹಸಿರು ದೀಪ ಆರಿಹೋಗುತ್ತದೆ. ಹುಡುಗಿ ಅದನ್ನು ನೋಡಿ, ಮಾತಿಲ್ಲದೆ ತಲೆಯನ್ನು ಕತ್ತರಿಸಿ ಎಸೆದು, ಹೊಸದನ್ನು ಕಟ್ಟಲು ಕೂತಳು. ನೀಲಿ ಸಿಪ್ಪೆ ಸುಲಿದರೆ ಒಳಗೆ ಎಂಟು ಎಳೆ, ಎರಡೆರಡು ಹೆಣೆದುಕೊಂಡ ನಾಲ್ಕು ಜೋಡಿ. ಹೀಗೆ ಹೆಣೆದರೆ ಹೊರಗಿನ ಗದ್ದಲ ಎರಡೂ ಎಳೆಗೆ ಸಮನಾಗಿ ತಗುಲಿ ಒಂದರಿಂದ ಒಂದು ವಜಾ ಆಗುತ್ತದೆಂದು ಕಂಡುಕೊಂಡು ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದ. ಅವಳು ಹೆಣಿಗೆ ಬಿಚ್ಚಿ, ಎಳೆಗಳನ್ನು ಉಗುರಿನಿಂದ ನೇವರಿಸಿ ನೇರಮಾಡಿ, ಸಾಲಾಗಿ ಹಿಡಿದಳು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ದಂಪತಿಗಳ ನಡುವೆ ನೀಲಿ ದಂಪತಿಗಳು ಬಂದು ಕೂತದ್ದೇಕೆ ಎಂದು ಕೇಳಿದೆ. ಫೋನಿಗಾಗಿ ಎಂದಳು. ಫೋನಿಗೆ ಬೇಕಾದದ್ದು ನಟ್ಟನಡುವಿನ ಎರಡು ಎಳೆ. ಹಳೆಯ ಫೋನಿನ ವೈರು ಈ ತೂತಿಗೆ ಬಂದರೂ ಅದಕ್ಕೆ ಅವಮಾನವಾಗದಿರಲಿ ಎಂದು ಹಿಂದಿನವರು ಜಾಗ ಕಾದಿಟ್ಟಿದ್ದಾರೆ. ನಾನು ಮೊದಲಿಗೆ ಹೇಳುತ್ತೇನೆಂದ ಕಾರಣ ಇದೇ, ನೀವು ನೆನಪಿಸಲಿಲ್ಲ. ಇನ್ನೊಂದು ಗುಟ್ಟನ್ನೂ ಅವಳೇ ಹೇಳಿದಳು: ನಮ್ಮ ಹಾಸ್ಟೆಲಿನ ವೇಗಕ್ಕೆ ಕಿತ್ತಳೆ, ಹಸಿರು ಜೋಡಿಗಳು ಮಾತ್ರ ದುಡಿಯುತ್ತವೆ, ನೀಲಿ ಮತ್ತು ಕಂದು ಸುಮ್ಮನೆ ಜೊತೆಗಿರುತ್ತವೆ. ನಾನು ಅವಿಭಕ್ತ ಕುಟುಂಬದಿಂದ ಹೋದವನು, ಇದರಲ್ಲಿ ನನಗೆ ವಿಶೇಷವೇನೂ ಕಾಣಲಿಲ್ಲ. ಕೊನೆಗೆ ಇಕ್ಕಳದಿಂದ ಅಮುಕಿದಾಗ ‘ಕಟ್’ ಎಂದು ಒಂದು ಸದ್ದಾಯಿತು. ಸಿಪ್ಪೆ ಸುಲಿಯಲು ಅವಳು ಹಲ್ಲು ಉಪಯೋಗಿಸಲಿಲ್ಲ ಎಂಬುದನ್ನು ಬಿಟ್ಟರೆ ನಮ್ಮ ಲೈನ್‌ಮನ್ನನಿಗೂ ಅವಳಿಗೂ ಗುರುಶಿಷ್ಯ ಸಂಬಂಧವನ್ನು ಧಾರಾಳವಾಗಿ ಕಲ್ಪಿಸಬಹುದು.

ಕೋಣೆಗೆ ತಂದು ಸಿಕ್ಕಿಸಿದೆ. ಟಿಕ್. ವಿಳಾಸ ಬರಬೇಕು. ಇಲ್ಲಿ ಮತ್ತೆ ಗೇಣಿ ಪದ್ಧತಿ. ಕಾರ್ಡಿನ ಹಣೆಬರಹ ಶಾಶ್ವತ, ನೆಟ್‌ವರ್ಕಿನ ವಿಳಾಸ ಮಾತ್ರ ಎಲ್ಲೋ ಇರುವ ಒಬ್ಬ ಧಣಿ ಇಷ್ಟು ಹೊತ್ತಿಗೆಂದು ಲೀಸಿನ ಮೇಲೆ ಕೊಡುವಂಥದ್ದು. ಕಂಪ್ಯೂಟರು ಎದ್ದ ಕೂಡಲೇ ‘ಯಾರಾದರೂ ಧಣಿಗಳಿದ್ದೀರಾ’ ಎಂದು ಬಯಲಿಗೆ ಕೂಗುತ್ತದೆ, ಧಣಿ ಓಗೊಟ್ಟು ಒಂದು ನಂಬರು ಕೊಡುತ್ತಾನೆ. ಅವಧಿ ಅರ್ಧ ಕಳೆದ ಕೂಡಲೇ ಕಂಪ್ಯೂಟರು ತಾನಾಗಿಯೇ ಹೋಗಿ ಕೈಮುಗಿದು ಮುಂದುವರಿಸಿಕೊಳ್ಳುತ್ತದೆ. ಡಿಕ್ಲರೇಷನ್ನಿನ ಮಾತೇ ಇಲ್ಲ. ಯಾವ ಧಣಿಯೂ ಓಗೊಡದಿದ್ದರೆ ಕೂಗಿ ಕೂಗಿ ಬೇಸತ್ತು 169.254ರಿಂದ ಶುರುವಾಗುವ ಒಂದು ನಂಬರನ್ನು ತನಗೆ ತಾನೇ ಕೊಟ್ಟುಕೊಂಡು ಕೂರುತ್ತದೆ. ಆ ನಂಬರಿನಿಂದ ಊರಾಚೆ ಎಲ್ಲಿಗೂ ಹೋಗಲಾಗದು, ಆದರೂ ನಂಬರಿರುತ್ತದೆ. ನನ್ನ ಮೆಗಾಸ್ಟಾರ್ ಬಹಳ ಹೊತ್ತು ಈ ಸ್ವಯಂಘೋಷಿತ ಪದವಿಯಲ್ಲಿ ವಿರಾಜಮಾನವಾಗಿತ್ತು. ಮೇಲಿನ ಮಹಡಿಯಲ್ಲಿ ಯಾರೋ ಯಾವುದೋ ಸ್ವಿಚ್ಚನ್ನು ಒತ್ತಿದ ಮೇಲೆ, ಒಂದು ಸಂಜೆ, ನಿಜವಾದ ವಿಳಾಸ ಬಂತು. ಇಡೀ ಜಗತ್ತು ತೆರೆದುಕೊಂಡಿತು, ನಾನು ಕನ್ನಡ ಪತ್ರಿಕೆಯಲ್ಲಿ ಸಾಗರದ ಅಡಿಕೆ ಧಾರಣೆ ನೋಡಿದೆ. ನಮ್ಮಲ್ಲಿ ಅಡಿಕೆ ಇರಲಿಲ್ಲ, ಆದರೂ.

ಜಗತ್ತಿಗಿಂತ ನನಗೆ ರುಚಿಸಿದ್ದು ನೆರೆಹೊರೆ. ಅದೇ ವರ್ಷ ಅಕ್ಟೋಬರ್ 16ರಂದು ಆಪಲ್‌ನವರ ಐಟ್ಯೂನ್ಸ್ ವಿಂಡೋಸಿಗೂ ಬಂತು. ಅದರಲ್ಲೊಂದು ಚಮತ್ಕಾರವಿತ್ತು: ಒಂದೇ ತಂತಿಬಳಗಕ್ಕೆ ಸೇರಿದ ಕಂಪ್ಯೂಟರುಗಳ ಹಾಡಿನ ಭಂಡಾರಗಳು ಒಬ್ಬರದು ಇನ್ನೊಬ್ಬರಿಗೆ ಕಾಣುತ್ತಿದ್ದವು. ಕೇಳಬಹುದು, ಕದಿಯಲಾಗದು. ಸೆಪ್ಟೆಂಬರ್ 8ರಂದು ಸಂಗೀತದ ಕಂಪನಿಗಳು ಹಾಡು ಹಂಚಿದರೆಂದು 261 ಜನರ ಮೇಲೆ ಕೇಸು ಹಾಕಿದ್ದ ಕಾಲ, ಆದ್ದರಿಂದ ಎಲ್ಲರೂ ಈ ಧರ್ಮಮಾರ್ಗಕ್ಕೆ ಮುಗಿಬಿದ್ದರು. ಪಕ್ಕದ ಕಟ್ಟಡದವರು ಕಾಣುತ್ತಿರಲಿಲ್ಲ, ರಸ್ತೆಯಾಚೆಯವರು ಕಾಣುತ್ತಿರಲಿಲ್ಲ. ಕಾಣುತ್ತಿದ್ದವರು ನಮ್ಮ ಮೆಟ್ಟಿಲು ಹತ್ತಿ ಇಳಿಯುವವರೇ. ಲಿಫ್ಟಿನಲ್ಲಿ ಎದುರಾದರೆ ಚಾವಣಿ ನೋಡುತ್ತಿದ್ದ ಒಬ್ಬನ ಭಂಡಾರದ ತುಂಬ ಪೋಲ್ಕಾ. ಕ್ಲೀವ್‌ಲ್ಯಾಂಡಿಗೆ ಬಂದು ನೆಲೆಸಿದ ಸ್ಲೊವೇನಿಯಾದ ಜನ ಬೆಳೆಸಿದ ಅಕಾರ್ಡಿಯನ್ ಸಂಗೀತ ಅದು. ಅಲ್ಲೇ ಬೆಳೆದ ಫ್ರ್ಯಾಂಕಿ ಯಾಂಕೋವಿಕ್‌ನಿಗೆ 1986ರಲ್ಲಿ ಪೋಲ್ಕಾದ ಮೊತ್ತಮೊದಲ ಗ್ರ್ಯಾಮಿ ಪ್ರಶಸ್ತಿ ಬಂದಿತ್ತೆಂಬುದನ್ನೂ ಆ ಭಂಡಾರದ ದೆಸೆಯಿಂದ ತಿಳಿದುಕೊಂಡೆ. ನಮ್ಮ ಕಡೆ ಹಾರ್ಮೋನಿಯಂ ಎಷ್ಟು ಗಂಭೀರವಾಗಿ ಉಸಿರಾಡುತ್ತದೋ ಇದು ಅಷ್ಟೇ ಉಲ್ಲಾಸದಿಂದ ಏದುಸಿರು ಬಿಡುತ್ತದೆ. ಥರ್ಮೋಡೈನಮಿಕ್ಸಿನ ಹೋಂವರ್ಕಿಗೆ ಅದಕ್ಕಿಂತ ಒಳ್ಳೆಯ ಹಿಮ್ಮೇಳವಿಲ್ಲ. ನಾನು ಟೆಲಿಕಾಂ ಬಿಟ್ಟು ಮೆಕ್ಯಾನಿಕಲ್ಲಿಗೆ ಯಾಕೆ ಹೋದೆ ಎಂಬುದು ಇನ್ನೊಂದು ಪ್ರಬಂಧದ ವಸ್ತು.

ಪಡೆದ ಮೇಲೆ ಕೊಡಬೇಕಲ್ಲ. ನನ್ನ ಬಳಿ ಇದ್ದದ್ದು ಊರಿನಲ್ಲಿ ಸಿ.ಡಿ.ಗೆ ಏರಿಸಿಕೊಂಡು ತಂದಿದ್ದ ಯಕ್ಷಗಾನದ ಕ್ಯಾಸೆಟ್ಟುಗಳು. ಮಾವ ಆಟದ ಬಯಲಿನಲ್ಲೇ ಟೇಪ್‌ರೆಕಾರ್ಡರು ಇಟ್ಟುಕೊಂಡು ರಾತ್ರಿಯಿಡೀ ಹಿಡಿದವು. 1990ರಲ್ಲೇ ತೀರಿಕೊಂಡ ಕಾಳಿಂಗ ನಾವಡರ ಭಾಗವತಿಕೆ, ಚಂಡೆ, ನಡುನಡುವೆ ಕಡಲೆಕಾಯಿ ಮಾರುವವನ ಕೂಗು. ಎಲ್ಲವನ್ನೂ ಭಂಡಾರಕ್ಕೆ ಹಾಕಿದೆ. ಯಾರು ಕೇಳುತ್ತಾರೆ ಎಂಬ ಧೈರ್ಯ. ಕೆಲವು ವಾರ ಕಳೆದು ಲಿಫ್ಟಿನ ಪಕ್ಕದ ಹಲಗೆಯಲ್ಲಿ ಒಂದು ಚೀಟಿ ಕಂಡಿತು. ‘ಪ್ರಿಯ ಮೆಗಾಸ್ಟಾರ್, ನೀವು ಯಾರೇ ಆಗಿರಿ, ದಯವಿಟ್ಟು ರಾತ್ರಿ ಹನ್ನೊಂದಕ್ಕೆ ಕಂಪ್ಯೂಟರ್ ಆರಿಸಬೇಡಿ. ಎತ್ತರದ ದನಿಯಲ್ಲಿ ಹಾಡುತ್ತಿರುವಾಗಲೇ ನಿಂತುಹೋಗುತ್ತದೆ. ಯಾರನ್ನೋ ಕೊಲ್ಲುತ್ತಿದ್ದಾರೆ ಎಂದು ತೋರುತ್ತದೆ, ಸತ್ತನೋ ಇಲ್ಲವೋ ಗೊತ್ತಾಗುವುದಿಲ್ಲ.’ ನಾನು ಅದರ ಕೆಳಗೆ, ಕೊಲ್ಲುತ್ತಿರುವುದು ನಿಜ, ಆದರೆ ಬೆಳಗಿನ ಜಾವದವರೆಗೂ ಅವನು ಸಾಯುವುದಿಲ್ಲ, ನಿಶ್ಚಿಂತೆಯಿಂದ ಮಲಗಿ ಎಂದು ಬರೆದೆ. ಮರುದಿನ ನೋಡಿದರೆ ಅದರ ಕೆಳಗೆ ಮೂರನೆಯ ಕೈಬರಹದಲ್ಲಿ ಇನ್ನಾರೋ, ಡೋಲು ಬಡಿಯುವವನನ್ನು ಸ್ವಲ್ಪ ಮುಂಚೆಯೇ ಕೊಲ್ಲಿಸಲು ಸಾಧ್ಯವೇ ಎಂದು ವಿಚಾರಿಸಿದ್ದರು.